ಶರಣಪ್ಪ, ಶಂಕ್ರಮ್ಮನ ಬಳೆ ಅಂಗಡಿ, ಗಂಗಾವತಿ

ಪಾರ್ಸಲ್ ಡಬ್ಬಿಯ ಮೇಲಿನ ಕಂದು ಟೇಪನ್ನು ಕೀಲಿಕೈಯಿಂದ ಸರ್ರನೆ ಸೀಳಿದಾಗ ಗೋಂದಿನದೊಂದು ಘಾಟು ಬರುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನಾನು ಇದ್ದಲ್ಲಿ ಇರುವುದಿಲ್ಲ. ಮೊನ್ನೆ ಕೊಪ್ಪಳದ ನಮ್ಮ ಮನೆಗೆ ಕುಕ್ಕರಿನ ರಬ್ಬರು ಬಂತು. ಅಷ್ಟು ತೆಳ್ಳನೆಯ ರಬ್ಬರಿಗೆ ಮೊಳದುದ್ದದ ಡಬ್ಬಿ! ಬೈದುಕೊಳ್ಳುತ್ತಲೇ ಸೀಳಿದೆ, ಘಾಟು ಬಂತು, ಅಷ್ಟೇ. ಬೇಳೆ ಬೇಯಿಸುವುದನ್ನು ಬಿಟ್ಟು ಗಂಗಾವತಿಯ ಆ ಶ್ರಾವಣದೊಳಗೆ ಹೋಗಿ ಕೂತುಬಿಟ್ಟೆ.

ಅದು ನಾನು ಕರಿಕೋಟು ಹಾಕಿಕೊಂಡ ಮೊದಲ ವರ್ಷ. ಊರು ಕುಷ್ಟಗಿ, ಕೆಲಸ ಕೊಪ್ಪಳದ ಹಿರಿಯ ವಕೀಲರೊಬ್ಬರ ಕೈಕೆಳಗೆ. ನಮ್ಮ ಸಾಹೇಬರು ಅಣ್ಣತಮ್ಮಂದಿರ ಹೊಲ ಪಾಲು ಮಾಡಿಸುವುದರಲ್ಲೇ ತಲೆ ಹಣ್ಣಾಗಿಸಿಕೊಂಡವರು. ನಾನೋ, ಕಂಡದ್ದಕ್ಕೆಲ್ಲ ಮೂಗು ತೂರಿಸುವವಳು. ಒಬ್ಬರು ಎದ್ದು ಹೋದರೆ ಎಲ್ಲಿಗೆ, ಇಬ್ಬರು ಪಿಸುಗುಟ್ಟಿದರೆ ಏನು, ಇದು ತಿಳಿಯದಿದ್ದರೆ ಉಂಡದ್ದು ಅರಗುವುದಿಲ್ಲ. ಇಂಥವಳ ಕೈಗೆ ಆ ಕೇಸು ಬಂದು ಬಿತ್ತು.

ಪಂಚಮಿ ಇನ್ನೇನು ಬಂತು ಅನ್ನುವಾಗ, ಮುನಿರಾಬಾದಿನ ನೀರಾವರಿ ಆಫೀಸಿನ ಗುಮಾಸ್ತರೊಬ್ಬರು ಬಂದು ನಮ್ಮ ಕುರ್ಚಿಯಲ್ಲಿ ಕುಸಿದರು. "ಸಾಹೇಬ್ರ, ನಮ್ಮಕ್ಕ ಶಂಕ್ರಮ್ಮನ್ನ ಪೊಲೀಸರು ಹಿಡಕೊಂಡ ಹೋಗ್ಯಾರ್ರಿ. ಗಂಗಾವತ್ಯಾಗ ಬಳಿ ಅಂಗಡಿ ಇಟ್ಟಾಳ. ಆಕಿ ಅಂಗಡ್ಯಾಗ ಅಮಲಿನ ಗುಳಿಗಿ ಸಿಕ್ಕಾವಂತ. ಡಾರ್ಕ್ ವೆಬ್ಬಿನಿಂದ ತರಿಸ್ಯಾಳ ಅಂತಾರ್ರಿ. ಆಕಿಗಿ ಫೋನಿನ್ಯಾಗ ಫೋಟೋ ತಗಿಯಾಕೂ ಬರಂಗಿಲ್ಲ!"

ಸಾಹೇಬರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ನಾ ಹೊಲದ ಗಡಿ, ಬಾಂದಗಲ್ಲಿನ ಮನಷ್ಯಾ. ಈ ಡಾರ್ಕು ಗೀರ್ಕು ನನಗ ತಿಳಿಯಂಗಿಲ್ಲ. ನೀನ ಹೋಗಿ ಎಲ್ಲಾ ತಿಳಕೊಂಡ ಬಾರವ್ವಾ. ಕೋರ್ಟಿನ್ಯಾಗ ಮಾತಾಡೂದು ನಾ ನೋಡ್ಕೋತೀನಿ."

ಆ ಮನುಷ್ಯ ಎದುರಿಗೆ ಕಣ್ಣು ಒರೆಸಿಕೊಳ್ಳುತ್ತಿದ್ದರೂ ನನಗೆ ಒಳಗೊಳಗೇ ಉಮೇದು. ಹೆಸರು ಹೇಳದೆ ಮಾರುವವರು, ಮುಖ ತೋರಿಸದೆ ಕೊಳ್ಳುವವರು ಸೇರುವ ಸಂತೆ ಇಂಟರ್‌ನೆಟ್ಟಿನ ಯಾವುದೋ ಮೂಲೆಯಲ್ಲಿದೆ ಎಂದು ಪೇಪರಿನಲ್ಲಿ ಓದಿದ್ದೆ. ಅದು ಗಂಗಾವತಿಯ ಬಳೆ ಅಂಗಡಿಯವರೆಗೆ ನಡೆದು ಬಂದದ್ದು ಹೇಗೆ? ಮರುದಿನ ಮೊದಲ ಬಸ್ಸು ಹಿಡಿದೆ.

ಕಾಲುವೆಗೆ ನೀರು ಬಿಟ್ಟಿದ್ದರು. ದಾರಿಯ ಎರಡೂ ಕಡೆ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಮಳೆ ಬರುವಂತೆ ಮೋಡ ಕವಿಯುವುದು, ಬಾರದೆ ಬರೀ ಸೆಕೆ ಬಿಟ್ಟು ಹೋಗುವುದು. ಗಂಗಾವತಿಯಲ್ಲಿ ಇಳಿದು ಹತ್ತು ಹೆಜ್ಜೆ ಇಡುವುದರೊಳಗೆ ಅಕ್ಕಿ ಗಿರಣಿಯ ಕರಿ ಬೂದಿ ನನ್ನ ಬಿಳಿ ಚೂಡಿದಾರದ ಮೇಲೆ ಚುಕ್ಕಿ ಇಟ್ಟಿತ್ತು. ಕೊಡವಿದರೆ ಇನ್ನಷ್ಟು ಹರಡಿತು. ಹಾಗೇ ಠಾಣೆಗೆ ಹೋದೆ.

ಪಿಎಸ್‌ಐ ಯಲಬುರ್ಗಾ ಕಡೆಯವರು. ಎಂಜಿನಿಯರಿಂಗ್ ಓದಿ ಪೊಲೀಸ್ ಆದವರು. ನಾನು ಆರೋಪಿಯ ಪರ ಎಂಬುದು ಗೊತ್ತಿದ್ದರೂ ಚಹಾ ತರಿಸಿದರು. ಹೇಳುವ ಚಪಲ ಅವರಿಗೆ, ಕೇಳುವ ಚಪಲ ನನಗೆ. ಜೋಡಿ ಚೆನ್ನಾಗಿ ಕೂಡಿತು.

"ಮೇಡಂ, ನೀವೊಂದು ಚೀಟಿ ಬರದ್ರಿ ಅಂತ ತಿಳಕೋರಿ. ಅದನ್ನ ಒಂದು ಲಕೋಟೆದಾಗ ಹಾಕಿ ಅಂಟಿಸಿದ್ರಿ. ಅದನ್ನ ಇನ್ನೊಂದರಾಗ, ಅದನ್ನ ಮತ್ತೊಂದರಾಗ. ಮೊದಲನೇದಾಂವ ಮ್ಯಾಲಿಂದು ಹರದ್ರ ಅವಗ ಕಾಣೂದು ಎರಡನೇದಾವನ ವಿಳಾಸ ಅಷ್ಟ. ಎರಡನೇದಾಂವ ಹರದ್ರ ಮೂರನೇದಾವಂದು. ಯಾರು ಕಳಿಸ್ಯಾರ ಅಂತ ಗೊತ್ತಿದ್ದಾವಗ ಯಾರಿಗಿ ಮುಟ್ಟತೈತಿ ಅನ್ನೂದು ಗೊತ್ತಿಲ್ಲ. ಮುಟ್ಟಿಸಿದಾವಗ ಯಾರು ಕಳಿಸಿದ್ರು ಅನ್ನೂದು ಗೊತ್ತಿಲ್ಲ. ಅದಕ್ಕ ಆನಿಯನ್, ಅಂದ್ರ ಉಳ್ಳಾಗಡ್ಡಿ ಅಂತ ಹೆಸರು ಇಟ್ಟಾರ. ಸಿಪ್ಪಿ ಮ್ಯಾಲ ಸಿಪ್ಪಿ."

"ಹಂಗ ಮುಚಗೊಂಡು ಓಡ್ಯಾಡೂದ ತಪ್ಪೇನ್ರಿ?"

"ಎಲ್ಲಿದ್ರಿ! ಮುಚಗೊಳ್ಳೂದು ತಪ್ಪಲ್ಲ. ಸುದ್ದಿ ಬರೆಯೋರು, ಜೀವಕ್ಕ ಅಂಜಿದೋರು, ಅವರೂ ಅದ ದಾರಿ ಹಿಡೀತಾರ. ಮುಚಗೊಂಡು ಏನ ಮಾರ್ತೀರಿ, ಏನ ಕೊಳ್ತೀರಿ, ಕಾನೂನು ಕೇಳೂದು ಅದನ್ನ." ಅವರು ಚಹಾ ಮುಗಿಸಿ ನಕ್ಕರು. "ಆದ್ರ ಒಂದ ಮಾತ್ರಿ ಮೇಡಂ. ಎಷ್ಟ ಸಿಪ್ಪಿ ಹೊದ್ದುಕೊಂಡ್ರೂ ಗುಳಿಗಿ ಕಂಪ್ಯೂಟರಿನಿಂದ ಉದುರಂಗಿಲ್ಲ. ಯಾರದರ ಬಾಗಲಕ್ಕ ಬಂದು, ಯಾರದರ ಕೈಯಾಗ ಬೀಳಬೇಕು. ನಾವು ಅಲ್ಲೇ ಕಾಯತೀವಿ."

ಆಗಿದ್ದು ಇಷ್ಟು. ಬೆಂಗಳೂರಿನಲ್ಲಿ ಡಾರ್ಕ್ ವೆಬ್ಬಿನ ಮಾರಾಟಗಾರನದೆಂದು ಒಂದು ಪಾರ್ಸಲ್ ಮೇಲೆ ಅನುಮಾನ ಬಂದು ಪೊಲೀಸರು ತೆರೆದು ನೋಡಿದ್ದರು. ಒಳಗೆ ಅಮಲಿನ ಗುಳಿಗೆ. ಹೊರಗೆ 'ಶರಣಪ್ಪ, ಶಂಕ್ರಮ್ಮನ ಬಳೆ ಅಂಗಡಿ, ಗಂಗಾವತಿ' ಎಂದು ವಿಳಾಸ. ಜೊತೆಗಿದ್ದ ಫೋನ್ ನಂಬರು ಎಂದೋ ತೀರಿಕೊಂಡ ಯಾರದೋ ಹೆಸರಿನಲ್ಲಿತ್ತು. ಇನ್ನು ಶರಣಪ್ಪ ಅಂದರೆ? ನಮ್ಮ ಜಿಲ್ಲೆಯ ಯಾವ ಸಂತೆಯಲ್ಲಾದರೂ ಆ ಹೆಸರು ಕೂಗಿ ನೋಡಿ, ಎಷ್ಟು ಜನ ತಿರುಗಿ "ಏನ್ರಿ" ಅನ್ನುತ್ತಾರೆ. ಪೊಲೀಸರು ಪಾರ್ಸಲನ್ನು ಹಾಗೇ ಅಂಗಡಿಗೆ ಮುಟ್ಟಿಸಿ, ಒಯ್ಯಲು ಬರುವವನನ್ನು ಹಿಡಿಯೋಣವೆಂದು ಮಫ್ತಿಯಲ್ಲಿ ಇಬ್ಬರನ್ನು ಎದುರಿನ ಚಹಾದ ಅಂಗಡಿಯಲ್ಲಿ ಕೂರಿಸಿದರು.

ಅಲ್ಲಿಯೇ ಎಡವಟ್ಟಾದದ್ದು. ಪಂಚಮಿಗೆ ಮುಂಚಿನ ದಿನಗಳಲ್ಲಿ ಬಳೆ ಅಂಗಡಿ ಅಂದರೆ ಹೆಣ್ಣುಮಕ್ಕಳ ಜಾತ್ರೆ. ಅದರ ಎದುರು ಗುರುತಿಲ್ಲದ ಇಬ್ಬರು ಗಂಡಸರು ಮುಂಜಾನೆಯಿಂದ ಒಂದೇ ಸಮನೆ ಈ ಕಡೆ ನೋಡುತ್ತ ಕೂತರೆ ಓಣಿ ಸುಮ್ಮನಿರುತ್ತದೆಯೇ? ಭತ್ತ ಕೊಂಡು ಮಾರುವ ಅಡತಿ ವ್ಯಾಪಾರದವರ ಮನೆಯ ಗುರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೋಗಿ ನಿಂತರು. ಅವರ ಬಾಯಿಗೆ ಇಡೀ ಓಣಿ ಅಂಜುತ್ತಿತ್ತು.

"ಯಾರಪಾ ನೀವು? ಯಾರ ಮನಿಗಿ ಬಂದೀರಿ? ಹೆಣ್ಣಮಕ್ಕಳು ಬಳಿ ಇಡಿಸಿಕೊಳ್ಳೂದನ್ನ ಕಣ್ಣ ಪಿಳುಕಿಸದಂಗ ನೋಡಾಕ ಹತ್ತೀರಲ್ಲ, ನಿಮ್ಮ ಮನ್ಯಾಗ ಅಕ್ಕತಂಗ್ಯಾರು ಇಲ್ಲೇನು?"

ಹಿಂದೆ ಹತ್ತು ಹೆಂಗಸರು, ಒಬ್ಬಿಬ್ಬರ ಕೈಯಲ್ಲಿ ಕಸಬರಿಗೆ. ಪಾಪ, ಆ ಪೇದೆಗಳು ಗುರುತಿನ ಕಾರ್ಡು ತೆಗೆದು ತೋರಿಸದೆ ಗತಿ ಇರಲಿಲ್ಲ. ಪೊಲೀಸರು ಕೂತಿದ್ದಾರೆ ಎಂಬ ಸುದ್ದಿ ಕ್ಷಣದಲ್ಲಿ ಓಣಿಯೆಲ್ಲ ಹರಡಿತು. ಇನ್ನು ಶರಣಪ್ಪ ಎಲ್ಲಿ ಬರುತ್ತಾನೆ! ಬೀಸಿದ ಬಲೆಯಲ್ಲಿ ಏನೂ ಬೀಳಲಿಲ್ಲ, ಹಾಗಂತ ಬರಿಗೈಯಲ್ಲಿ ಹೋಗಲೂ ಆಗುವುದಿಲ್ಲ. ಪಾರ್ಸಲ್ ಇಸಿದುಕೊಂಡು ಸಹಿ ಮಾಡಿದ್ದವರು ಶಂಕ್ರಮ್ಮ. ಅವರನ್ನೇ ಜೀಪಿನಲ್ಲಿ ಕೂರಿಸಿದರು.

"ಇದೊಂದ ಆಗಿದ್ರ ನಾನೂ ವಿಚಾರ ಮಾಡ್ತಿದ್ದೆ," ಅಂದರು ಪಿಎಸ್‌ಐ. "ಕೊರಿಯರಿನವರನ್ನ ಕೇಳಿದ್ರ, ತಿಂಗಳಾನುಗಟ್ಟಲೆ ಏನೇನೋ ಹೆಸರಿಗೆ ಪಾರ್ಸಲ್ ಬಂದಾವ, ಎಲ್ಲಾದಕ್ಕೂ ಈಕೀದ ಸಹಿ. ಇವರೆಲ್ಲಾ ಯಾರು ಅಂತ ಕೇಳಿದ್ರ ಬಾಯಿ ಬಿಡವಲ್ಲಳು. ಏನೂ ಇಲ್ಲಾಂದ್ರ ಹೇಳಾಕ ಏನ ಧಾಡಿ?"

ಅವರು ಕೇಳಿದ್ದು ತಪ್ಪೇನಲ್ಲ. ನನ್ನ ತಲೆಯಲ್ಲೂ ಅದೇ ಹುಳ ಕೊರೆಯತೊಡಗಿತು.

ಶಂಕ್ರಮ್ಮನನ್ನು ನಾನು ಮೊದಲು ಕಂಡದ್ದು ಜೈಲಿನಲ್ಲಿ. ಐವತ್ತರ ಆಸುಪಾಸು, ದುಂಡು ಮುಖ, ಹಣೆಯ ತುಂಬ ಕುಂಕುಮ. ಗಂಡ ಅಕ್ಕಿ ಲಾರಿಯ ಡ್ರೈವರ್, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯ ಮೇಲೆ ಇರುವುದೇ ಹೆಚ್ಚು. ಅವರು ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಬಂದರು. ಯಾಕೆಂದು ಕೇಳಿಯೇಬಿಟ್ಟೆ, ನನ್ನ ಬಾಯಿಗೆ ಬೀಗ ಎಲ್ಲಿದೆ.

"ಗಾಜಿನ ಬಳಿ ಒಳಗ ಬಿಡಂಗಿಲ್ಲಂತ ತಂಗಿ. ತಗಿಸ್ಯಾರ. ಊರಿಗೆಲ್ಲಾ ಬಳಿ ಇಟ್ಟಾಕಿ ನಾನು, ಗಂಡ ಇದ್ದೂ ಬರಿಗೈಲೆ ಕುಂತೀನಿ." ಹೇಳಿದರು, ಆದರೆ ಅಳಲಿಲ್ಲ.

ಪಾರ್ಸಲ್ ವಿಷಯ ತೆಗೆದೆ. ಅದಕ್ಕೆ ಅವರು ಸಲೀಸಾಗಿ ಬಾಯಿ ಬಿಟ್ಟರು. "ನಮ್ಮ ಓಣ್ಯಾಗ ಮನಿ ನಂಬರು ಯಾರಿಗಿ ಗೊತ್ತೈತಿ? ಪಾರ್ಸಲ್ ತರಾವ ಅಡ್ಡಾಡಿ ಅಡ್ಡಾಡಿ ಸಾಕಾಗಿ, ಅಕ್ಕಾರ ಇಲ್ಲೇ ಇಟ್ಟಿರ್ರಿ ಅಂದ. ಇಟ್ಟೆ. ಆಮ್ಯಾಲ ಹೆಣ್ಣಮಕ್ಕಳು ತಾವ ನನ್ನ ಅಂಗಡಿ ವಿಳಾಸ ಕೊಡಾಕ ಹತ್ತಿದ್ರು. ಹೆಸರು ತಮ್ಮದರ ಬರೀಲಿ, ಯಾರದರ ಬರೀಲಿ. ಬಳಿ ಅಂಗಡ್ಯಾಗ ಗಂಡಸರು ಬಂದು ಕುಂದರಂಗಿಲ್ಲಲ್ಲ. ಬರ್ತಾರ, ಬಳಿ ಇಡಿಸಿಕೋತಾರ, ಚೀಲದಾಗ ಪಾರ್ಸಲ್ ಹಾಕ್ಕೊಂಡ ಹೋಗ್ತಾರ. ಒಳಗ ಏನೈತಿ ಅಂತ ನಾ ಕೇಳಂಗಿಲ್ಲ, ಅವರು ಹೇಳಂಗಿಲ್ಲ."

ನಾನು ಬೆರಗಾಗಿ ಕೂತೆ. ಪಿಎಸ್‌ಐ ಅಷ್ಟು ಹೊತ್ತು ಲಕೋಟೆ, ಸಿಪ್ಪೆ ಅಂತ ವಿವರಿಸಿದ್ದು ಇಲ್ಲಿ ಒಂದು ಮಣೆ, ಒಂದು ಬಳೆಯ ರಾಶಿ ಇಟ್ಟುಕೊಂಡು ಆರಾಮಾಗಿ ನಡೆದಿತ್ತು. ತಂದವನಿಗೆ ಯಾರಿಗೆ ಎಂದು ಗೊತ್ತಿಲ್ಲ, ಇಟ್ಟುಕೊಂಡವರಿಗೆ ಏನು ಎಂದು ಗೊತ್ತಿಲ್ಲ, ಮನೆಯವರಿಗೆ ಬಂದದ್ದೇ ಗೊತ್ತಿಲ್ಲ. ಆ ಶರಣಪ್ಪ ಯಾರೇ ಇರಲಿ, ಇದನ್ನು ನೋಡಿಟ್ಟುಕೊಂಡೇ ತನ್ನ ಪಾರ್ಸಲನ್ನೂ ಇದರೊಳಗೆ ನುಸುಳಿಸಿದ್ದ.

"ಅಕ್ಕಾ, ಆ ಹೆಣ್ಣಮಕ್ಕಳು ಯಾರು ಅಂತ ಹೇಳ್ರಿ. ಬಂದು ಹೌದು ನಮ್ಮದಿತ್ತು ಅಂದ್ರ ಸಾಕು." ಕಾನೂನು ಬಿಡಿಸಿ ಹೇಳಿದೆ. ಇಂಥ ವಸ್ತು ಒಬ್ಬರ ಕೈಯಲ್ಲಿ ಸಿಕ್ಕರೆ, ಅದು ಏನೆಂದು ಅವರಿಗೆ ಗೊತ್ತಿತ್ತು ಎಂದೇ ಕೋರ್ಟು ಮೊದಲು ತಿಳಿಯುತ್ತದೆ. ಗೊತ್ತಿರಲಿಲ್ಲ ಎಂದು ತೋರಿಸುವ ಭಾರ ಅವರ ಮೇಲೆಯೇ. ಗುಳಿಗೆಗಳ ತೂಕ ಜಾಮೀನೇ ಸಿಗದಷ್ಟು ಹೆಚ್ಚಲ್ಲ, ಸಲೀಸಾಗಿ ಸಿಗುವಷ್ಟು ಕಡಿಮೆಯೂ ಅಲ್ಲ. ಓಣಿಯ ಪದ್ಧತಿಯೇ ಇದು ಎಂದು ತೋರಿಸದಿದ್ದರೆ ಅವರು ಎಷ್ಟು ಕಾಲ ಒಳಗೆ ಇರಬೇಕೋ ದೇವರೇ ಬಲ್ಲ.

ಎಲ್ಲ ಕೇಳಿಸಿಕೊಂಡು ಅವರು ತಲೆಯಾಡಿಸಿದರು. "ಇಲ್ಲ ತಂಗಿ. ನಂಬಿ ಬಂದೋರು. ಹೆಸರು ಹೇಳಂಗಿಲ್ಲ."

"ಆ ಶರಣಪ್ಪನ್ನ ಆದ್ರೂ ನೋಡೀರೇನು?"

ಅವರು ಬರಿಗೈಗಳನ್ನು ನೋಡುತ್ತ ಕೂತರು. ಭೇಟಿಯ ಹೊತ್ತು ಮುಗಿಯಿತು, ಎದ್ದು ಬಂದೆ.

ಇನ್ನು ಉಳಿದದ್ದು ಓಣಿ. ಹೋದೆ. ಬಳೆ ಅಂಗಡಿಯ ಶಟರ್ ಇಳಿದಿತ್ತು. ಯಾವ ಬಾಗಿಲಲ್ಲಿ ನಿಂತು ಕೇಳಿದರೂ ಒಂದೇ ರಾಗ: "ನಮಗೇನ ಗೊತ್ತಿಲ್ರಿ." ನೀರು ಕೊಟ್ಟರು, ಚುರುಮುರಿ ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. ಗುರಮ್ಮನ ಮನೆಯಲ್ಲಿ ಸೊಸೆ ರೇಣುಕಾ ಬಾಗಿಲ ಮರೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಗುರಮ್ಮ ಪಡಸಾಲೆಯಿಂದಲೇ ಗದರಿದರು. "ಒಳ್ಳೆ ಮನಿತನದ ಹೆಣ್ಣಮಕ್ಕಳು ಕದ್ದು ಏನ ತರಿಸ್ಯಾರು? ನಮ್ಮ ಮನ್ಯಾಗ ಅಂಥಾವು ಇಲ್ಲ, ಹೋಗು."

ನನ್ನ ಪಿತ್ತ ನೆತ್ತಿಗೇರಿತು. ಓಣಿಯ ನಡುವೆ ನಿಂತು, ಎಲ್ಲ ಕಿಟಕಿಗೂ ಕೇಳುವಂತೆ ಒದರಿದೆ. "ನಿಮ್ಮ ಗುಟ್ಟು ಕಾಯಾಕ ಆಕಿ ಜೈಲಿನ್ಯಾಗ ಬರಿಗೈಲೆ ಕುಂತಾಳ್ರಿ! ನೀವು ಇಲ್ಲೇ ಹಸರ ಬಳಿ ಇಟ್ಟುಕೊಂಡು ಪಂಚಮಿ ಉಂಡಿ ತಿನ್ರಿ!" ಜಾಮೀನು ಅರ್ಜಿ ಯಾವತ್ತು ಎನ್ನುವುದನ್ನೂ ಕೂಗಿ ಹೇಳಿ ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ವಕೀಲಳೋ, ಬಜಾರಿಯೋ?

ಅರ್ಜಿಯ ದಿನ ಕೊಪ್ಪಳದಲ್ಲಿ ಗಾಳಿಯೋ ಗಾಳಿ. ಕೋರ್ಟಿನ ಬೇವಿನ ಗಿಡದ ಕೆಳಗೆ ನಾನೂ ಸಾಹೇಬರೂ ಹಾರುವ ಕಾಗದಗಳನ್ನು ಒತ್ತಿ ಹಿಡಿದು ನಿಂತಿದ್ದೆವು. ಸಾಹೇಬರಿಗೆ ಹೆಚ್ಚಿನ ಆಸೆ ಇರಲಿಲ್ಲ. ಆಗ ಗೇಟಿನಿಂದ ಒಬ್ಬಳೇ ನಡೆದು ಬಂದಳು ರೇಣುಕಾ.

"ದವಾಖಾನಿಗಿ ಅಂತ ಹೇಳಿ ಬಂದೀನ್ರಿ ಮೇಡಂ. ಲಗೂನ ಬರಕೊಳ್ರಿ, ಇಲ್ಲಾಂದ್ರ ಧೈರ್ಯ ಹೋಗತೈತಿ." ಅವಳು ತರಿಸುತ್ತಿದ್ದದ್ದು ಮಕ್ಕಳಾಗದ ಹಾಗೆ ನುಂಗುವ ಗುಳಿಗೆ. ಬಿ.ಎಡ್ ಮುಗಿಯುವತನಕ ಬೇಡ ಅಂತ. ಗಂಡನಿಗೆ ಗೊತ್ತಿತ್ತು, ಆದರೆ ಅವನಿಗೂ ಅವ್ವನ ಭಯ. ಓಣಿಯ ಮೆಡಿಕಲ್ ಅಂಗಡಿಯಲ್ಲಿ ಕೊಂಡರೆ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತಿತ್ತು. "ಆ ಅಕ್ಕ ಒಂದ ದಿನಾನೂ ಇದೇನು ಅಂತ ಕೇಳಲಿಲ್ರಿ," ಅಂದಳು, ಕಣ್ಣು ತುಂಬಿಕೊಂಡು.

ಅಫಿಡವಿಟ್ಟಿಗೆ ಸಹಿ ಹಾಕಿ ಅವಳು ತಲೆ ಎತ್ತುವುದಕ್ಕೂ ಗೇಟಿನೊಳಗೆ ನಾಲ್ಕೈದು ಹೆಂಗಸರ ಗುಂಪು ಬರುವುದಕ್ಕೂ ಸರಿಹೋಯಿತು. ಮುಂದೆ ಗುರಮ್ಮ! ರೇಣುಕಾಳ ಮುಖ ಸುಣ್ಣದಂತೆ ಬಿಳುಚಿತು. ಗುರಮ್ಮ ಕಾಲು ನೆಟ್ಟು ನಿಂತುಬಿಟ್ಟರು.

"ನೀ ದವಾಖಾನಿಗಿ ಹೋಗಿದ್ದೆಲ್ಲ?"

"ನೀವು ಮಠಕ್ಕ ಹೊಂಟಿದ್ರೆಲ್ಲರಿ ಅತ್ತಿ?"

ಗುರಮ್ಮ ನನ್ನ ಪಕ್ಕದ ಬೆಂಚಿನ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಆ ಗಂಟಲು ಎಲ್ಲಿ ಹೋಗಿತ್ತೋ, ಪಿಸುದನಿಯಲ್ಲಿ ಹೇಳಿದರು. "ಬರಕೋ ತಂಗಿ. ನನಗ ಒಂದಕ್ಕ ತಡಿಯಾಕ ಆಗಂಗಿಲ್ಲ. ಸೀರಿ ಹಸಿ ಆಕ್ಕೈತಿ. ದೊಡ್ಡೋರು ಕಟಗೊಳ್ಳೂ ಡೈಪರ್ ಬರ್ತಾವಲ್ಲ, ಅವನ್ನ ಗದಗಿನ್ಯಾಗಿನ ನನ್ನ ಮಗಳು ಆಕಿ ಅಂಗಡಿಗಿ ಕಳಸ್ತಾಳ. ಆ ಪೊಲೀಸರ ಮ್ಯಾಲ ನಾ ಏರಿ ಹೋಗಿದ್ದಕ್ಕ ಆ ಕಳ್ಳ ತಪ್ಪಿಸಿಕೊಂಡ, ಶಂಕ್ರವ್ವ ಸಿಕ್ಕಳು. ಅವತ್ತಿಂದ ನನಗ ಅನ್ನ ಸೇರವಲ್ದು."

ಉಳಿದವರೂ ಒಬ್ಬೊಬ್ಬರಾಗಿ ಹೇಳಿದರು. ಒಬ್ಬಾಕೆ ಗದ್ದದ ಮೇಲಿನ ಕೂದಲು ತೆಗೆಯುವ ಮಷೀನು ತರಿಸಿದ್ದಳು. ಇನ್ನೊಬ್ಬಾಕೆ ಗಂಡನಿಗೆ ತಿಳಿಯದಂತೆ ನೌಕರಿ ಪರೀಕ್ಷೆಯ ಪುಸ್ತಕ. ಅಯ್ಯೋ, ಇಷ್ಟಕ್ಕೇ ಇವರೆಲ್ಲ ಇಷ್ಟು ಹೆದರಿದ್ದರೇ ಅನ್ನಿಸಿತು. ಮರುಗಳಿಗೆಗೆ ಕುಷ್ಟಗಿಯ ನಮ್ಮ ಮನೆಯನ್ನು ನೆನೆದೆ. ಇಷ್ಟಕ್ಕೇ ನಾನೂ ಹೆದರುತ್ತಿದ್ದೆ.

ಒಳಗೆ ಸರ್ಕಾರಿ ವಕೀಲರು, ಈ ಹೆಸರುಗಳನ್ನು ಕೋರ್ಟಿನಲ್ಲಿ ಎಲ್ಲರೆದುರು ಓದಲಿ ಎಂದು ಪಟ್ಟು ಹಿಡಿದರು. ನ್ಯಾಯಾಧೀಶರು ಬಾಗಿಲ ಬಳಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದ ಹೆಂಗಸರನ್ನೊಮ್ಮೆ ನೋಡಿದರು. "ಓದುವುದು ಬೇಡ. ನನ್ನ ಕಣ್ಣಿದೆ, ನಾನೇ ಓದಿಕೊಳ್ಳುತ್ತೇನೆ," ಅಂದರು. ಫ್ಯಾನು ಕಿರುಗುಟ್ಟುತ್ತಿತ್ತು. ಅವರು ಒಂದೊಂದೇ ಹಾಳೆ ತಿರುವಿ ಹಾಕುವಷ್ಟು ಹೊತ್ತೂ ನಾನು ಉಗುರು ಕಚ್ಚುತ್ತಿದ್ದೆ. ಪಾರ್ಸಲ್ ಇಸಿದುಕೊಳ್ಳುವುದು ಓಣಿಯ ರೂಢಿ, ಒಳಗಿನದು ಈಕೆಗೆ ತಿಳಿದಿತ್ತೆಂದು ಸದ್ಯಕ್ಕೆ ಕಾಣುವುದಿಲ್ಲ ಎಂದು ಜಾಮೀನು ಕೊಟ್ಟರು. ಸಾಹೇಬರು ಹೊರಗೆ ಬಂದು ನನ್ನ ತಲೆಯ ಮೇಲೆ ಕೈ ಇಟ್ಟರು. ಬಾಂದಗಲ್ಲಿನ ಮನುಷ್ಯ, ಹೊಗಳಿಕೆ ಅಷ್ಟೇ.

ಓಣಿಯ ಹೆಂಗಸರನ್ನು ಬಸ್ಸಿಗೆ ಹತ್ತಿಸಲು ಹೋದೆ. ಅತ್ತೆ ಸೊಸೆ ಒಂದೇ ಸೀಟಿನಲ್ಲಿ, ಒಬ್ಬರು ಈ ಕಡೆ, ಒಬ್ಬರು ಆ ಕಡೆ ಮುಖ ಮಾಡಿ ಕೂತಿದ್ದರು.

"ಬಿ.ಎಡ್ ಮುಗಿಯೂತನಕ ಅಂತ ನನಗ ಹೇಳಿದ್ರ ನಾ ನಿನ್ನ ನುಂಗತಿದ್ನೇನು?" ಅಂದರು ಗುರಮ್ಮ.

"ನುಂಗತಿದ್ರಿ."

ಗುರಮ್ಮ ಕಿಟಕಿಯ ಕಡೆ ತಿರುಗಿದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು.

ಕತೆ ಇಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ದಸರಾ ಹತ್ತಿರ ಬಂದಾಗ ಶಂಕ್ರಮ್ಮನ ಫೋನು. "ತಂಗಿ, ಠಾಣೆಕ ಹೋಗೂದೈತಿ. ನೀ ಬಂದ್ರ ಛಲೋ." ಓಡಿದೆ. ಗದ್ದೆಗಳಲ್ಲಿ ಪೈರು ಹಸಿರಾಗಿ ಸೊಂಟದೆತ್ತರ ಬಂದಿತ್ತು. ಅಂಗಡಿ ತೆರೆದಿತ್ತು, ಅವರ ಕೈ ತುಂಬ ಬಳೆ ಇತ್ತು. ಪಾರ್ಸಲ್ ಮಾತ್ರ ಈಗ ಒಂದೂ ಇಸಿದುಕೊಳ್ಳುತ್ತಿರಲಿಲ್ಲ. ಯಾಕೆ ಹೋಗುವುದು ಎಂದು ಕೇಳಿದ್ದಕ್ಕೆ ದಾರಿಯಲ್ಲಿ ಹೇಳಿದರು. ಶರಣಪ್ಪ ಎಂಬ ಹೆಸರಿನಲ್ಲಿ ತರಿಸುತ್ತಿದ್ದವನು ಆ ಪಾರ್ಸಲಿಗೂ ಮುಂಚೆ ಅದೇ ಹೆಸರಿನ ಬೇರೆ ಪಾರ್ಸಲ್ ಒಯ್ದಿದ್ದ. ತನ್ನ ಅಕ್ಕನಿಗೆ ಸೀರೆ ತರಿಸಿದ್ದೇನೆ ಅಂದಿದ್ದ. ಅವನ ನಿಜವಾದ ಹೆಸರು ಅವರಿಗೆ ಗೊತ್ತಿತ್ತು.

ನಾನು ನಡುದಾರಿಯಲ್ಲೇ ನಿಂತೆ. "ಅಕ್ಕಾ, ಬ್ಯಾಡ. ನಿಮಗ ಮೊದಲಿಂದ ಗೊತ್ತಿತ್ತು ಅಂತ ಕೇಸು ನಿಮ್ಮ ಮ್ಯಾಲೇ ತಿರುಗಿಸಬಹುದು. ವಕೀಲಳಾಗಿ ಹೇಳ್ತೀನಿ, ಬ್ಯಾಡ."

"ಗುಳಿಗಿ ಅಂತ ಗೊತ್ತಿರಲಿಲ್ಲ. ಒಯ್ದಾವನ ಮಾರಿ ಗೊತ್ತಿತ್ತು. ಇದ್ದದ್ದನ್ನ ಇದ್ದಂಗ ಹೇಳ್ತೀನಿ," ಅಂದು ಅವರು ನಡೆದೇಬಿಟ್ಟರು.

ಪಿಎಸ್‌ಐ ಕೇಳಿಸಿಕೊಂಡರು. ಮುಖದಲ್ಲಿ ಸಿಟ್ಟೂ ಇತ್ತು, ಕುತೂಹಲವೂ ಇತ್ತು. "ಅಲ್ರಿ ಅಮ್ಮಾ, ಇದನ್ನ ಅವತ್ತ ಹೇಳಿದ್ರ ಜೈಲಿಗೆ ಹೋಗೂದ ತಪ್ತಿತ್ತಲ್ಲ! ಯಾಕ ಹೇಳಲಿಲ್ಲ?"

"ಅವತ್ತ ನೀವು ಕೇಳಿದ್ದು ಎಲ್ಲಾರ ಹೆಸರು ಸಾಹೇಬ್ರ. ಒಂದಕ್ಕ ಬಾಯಿ ಬಿಟ್ಟಿದ್ರ ಉಳಿದವಕ್ಕೂ ಬಿಡಬೇಕಾಕ್ಕಿತ್ತು. ಆ ಹೆಣ್ಣಮಕ್ಕಳು ಮಾನ ಮರ್ಯಾದಿ ಬದಿಗಿಟ್ಟು ತಮ್ಮ ಹೆಸರು ತಾವ ಬಂದು ಹೇಳಿದ್ರು. ಅಂವ ನಾ ಎತ್ತಿ ಆಡಿಸಿದ ಹುಡುಗ. ನೀವು ನನ್ನ ಜೀಪಿನ್ಯಾಗ ಕೂಡಿಸುಮುಂದ ಅಲ್ಲೇ ಮಂದ್ಯಾಗ ನಿಂತಿದ್ದ. ನನ್ನ ಮಾರಿ ನೋಡಿದ. ಈಗ ಮುಂದ ಬರ್ತಾನ, ಈಗ ಬರ್ತಾನ ಅಂತ ಅವತ್ತಿಂದ ಇವತ್ತಿನತನಕ ದಾರಿ ಕಾದೀನಿ. ಬರಲಿಲ್ಲ." ಅವರು ಬಳೆ ಸದ್ದಾಗದಂತೆ ಕೈ ಕಟ್ಟಿಕೊಂಡರು. "ಈಗ ನನ್ನ ಹಂತೇಕ ಉಳಿದಿದ್ದು ಅದೊಂದ ಹೆಸರು. ಬರಕೋರಿ."

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಕೇಸು ಇನ್ನೂ ನಡೆದಿದೆ. ಶಂಕ್ರಮ್ಮ ಅವನ ಹೆಸರು, ತಂದೆಯ ಹೆಸರು, ಮನೆಯ ಗುರುತು ಎಲ್ಲ ನಿಧಾನವಾಗಿ ಹೇಳಿ, ಸಹಿ ಹಾಕಿದರು. ಜೈಲಿನಲ್ಲಿ ಒಂದು ಹನಿ ಕಣ್ಣೀರು ಹಾಕದಿದ್ದ ಹೆಂಗಸು, ಠಾಣೆಯ ಮೆಟ್ಟಿಲಿಳಿದು ನನ್ನ ಹೆಗಲ ಮೇಲೆ ತಲೆ ಇಟ್ಟು ಅತ್ತರು.